ಡಿಶ್ ಎಂಡ್ ಕೈಗೆ ಬರೋ ತನಕ ಶೆಲ್ ಪ್ಲೇಟ್ ಕಟ್ ಮಾಡಬೇಡಿ

ಪೀಣ್ಯದ ನಮ್ಮ ಶೆಡ್ಡಿಗೆ ಏರ್ ಟ್ಯಾಂಕ್ ಮಾಡಿಸೋಕೆ ಬರೋರು ಆಗಾಗ ಕೇಳ್ತಾರೆ: "ಸಾರ್, ಎರಡೂ ಕಡೆ ಚಪ್ಪಟೆ ಪ್ಲೇಟ್ ಹಾಕಿ ಮುಚ್ಚಿಬಿಡಿ, ಡಿಶ್ ಎಂಡ್ ದುಡ್ಡು ಉಳಿಯುತ್ತೆ." ನಾನು ಚಾಕ್‌ಪೀಸ್ ತಗೊಂಡು ನೆಲದ ಮೇಲೇ ಲೆಕ್ಕ ಬರೀತೀನಿ. ಡಿಶ್ ಎಂಡ್ ಅಂದ್ರೆ ಟ್ಯಾಂಕಿನ ತುದಿ ಮುಚ್ಚೋ ಉಬ್ಬಿದ ಮುಚ್ಚಳ, ಶೆಲ್ ಅಂದ್ರೆ ಪ್ಲೇಟ್ ಸುತ್ತಿ ಮಾಡೋ ನಡುವಿನ ಕೊಳವೆ ಭಾಗ.

ಒಂದು ಮೀಟರ್ ವ್ಯಾಸದ ಟ್ಯಾಂಕ್, 10 ಬಾರ್ ಒತ್ತಡ. ಒಂದೊಂದು ತುದಿಯನ್ನೂ ಗಾಳಿ ಸುಮಾರು 80 ಟನ್ ಬಲದಲ್ಲಿ ಹೊರಕ್ಕೆ ನೂಕುತ್ತೆ. ಬಾಯ್ಲರ್ ದರ್ಜೆಯ ಒಳ್ಳೆ ಉಕ್ಕೇ ಹಾಕಿದರೂ ಚಪ್ಪಟೆ ಪ್ಲೇಟ್ 46 ಮಿ.ಮೀ. ಆಸುಪಾಸು ದಪ್ಪ ಬೇಕು, ತೂಕ ಒಂದೊಂದಕ್ಕೆ 280 ಕೆ.ಜಿ. ಅದೇ ಅರ್ಧಗೋಳಕ್ಕೆ ಲೆಕ್ಕದ ಪ್ರಕಾರ 1.8 ಮಿ.ಮೀ. ಸಾಕು! ಅಂಡಾಕಾರದ 2:1 ಎಲಿಪ್ಸಾಯ್ಡಲ್‌ಗೆ 3.6, ನಡುವೆ ತಗ್ಗು ಗುಮ್ಮಟ, ಅಂಚಲ್ಲಿ ತಿರುವು ಇರೋ ಟೋರಿಸ್ಫೆರಿಕಲ್‌ಗೆ 6.4. ತುಕ್ಕಿಗೆ, ಪ್ರೆಸ್ಸಲ್ಲಿ ತೆಳುವಾಗೋದಕ್ಕೆ ಅಂತ ಇದರ ಮೇಲೆ ಸೇರಿಸಿಕೊಳ್ಳಬೇಕು.

ಹಾಗಾದ್ರೆ ಎಲ್ಲರೂ ಅರ್ಧಗೋಳವನ್ನೇ ಯಾಕೆ ಹಾಕಲ್ಲ? ಅಷ್ಟು ಆಳಕ್ಕೆ ಒತ್ತೋದು ಕಷ್ಟ, ದೊಡ್ಡದಾದರೆ ತುಂಡು ತುಂಡಾಗಿ ಮಾಡಿ ಬೆಸೆಯಬೇಕು. 2:1ರಲ್ಲಿ ಆಳ ವ್ಯಾಸದ ಕಾಲು ಭಾಗ, ದಪ್ಪವೂ ಶೆಲ್ಲಿನಷ್ಟೇ ಬರುತ್ತೆ. 10 ಬಾರ್ ಸುತ್ತಮುತ್ತ ಕಣ್ಣುಮುಚ್ಚಿ ಅದನ್ನೇ ಹೇಳ್ತೀನಿ. ಬಾಂಡಲಿ ಥರ ಆಳ ಕಮ್ಮಿ ಇರೋ ಟೋರಿಸ್ಫೆರಿಕಲ್ ಕಡಿಮೆ ಒತ್ತಡಕ್ಕೆ, ಸೂರು ತಗ್ಗಿರೋ ಜಾಗಕ್ಕೆ ಸರಿ. ಪುಡಿ, ಗಸಿ ಕೆಳಗಿಳಿಯಬೇಕಾದ ಕಡೆ ಕೋನ್.

ಟೋರಿಸ್ಫೆರಿಕಲ್‌ನಲ್ಲಿ ನೋಡಬೇಕಾದ್ದು ನಡುವಿನ ಗುಮ್ಮಟ ಅಲ್ಲ, ಅಂಚಿನ ತಿರುವು, ಅಂದ್ರೆ ನಕಲ್. ಒಳಗಿಂದ ಒತ್ತಡ ಏರಿದಾಗ ಗುಮ್ಮಟ ಹೊರಕ್ಕೆ ಹೋಗುತ್ತೆ, ನಕಲ್ ಒಳಕ್ಕೆ ಎಳೆದುಕೊಳ್ಳುತ್ತೆ. ತಿರುವು ಇಕ್ಕಟ್ಟಾಗಿದ್ದು ಪ್ಲೇಟೂ ತೆಳುವಾಗಿದ್ದರೆ ಅಲ್ಲೇ ಸುಕ್ಕುಬೀಳೋದು. ಒತ್ತಡದ ಟ್ಯಾಂಕ್‌ಗಳಿಗಿರೋ ಅಮೆರಿಕದ ಕೋಡ್ ಎಎಸ್‌ಎಂಇ ಸೆಕ್ಷನ್ 8 ಪ್ರಕಾರ ನಕಲ್ ತ್ರಿಜ್ಯ ಹೊರವ್ಯಾಸದ 6%ಕ್ಕಿಂತ ಕಮ್ಮಿ ಇರಬಾರದು. ನಾನು 10% ಕೇಳ್ತೀನಿ. ಡಿಶ್ ಬಂದ ತಕ್ಷಣ ಅಲ್ಟ್ರಾಸಾನಿಕ್ ಗೇಜ್ ಹಿಡಿದು ನಕಲ್ ಮೇಲೆ ಸುತ್ತ ಎಂಟು ಕಡೆ ದಪ್ಪ ನೋಡಿ. 8 ಮಿ.ಮೀ. ಪ್ಲೇಟಲ್ಲಿ ಒತ್ತಿದ್ದು ಅಲ್ಲಿ 7ಕ್ಕಿಂತ ಕೆಳಗೆ ತೋರಿಸಿದ್ದನ್ನ ನಾನೇ ನೋಡಿದೀನಿ. ಡ್ರಾಯಿಂಗಲ್ಲಿ 'ಫಾರ್ಮಿಂಗ್ ಆದ ಮೇಲಿನ ಕನಿಷ್ಠ ದಪ್ಪ' ಅಂತ ಬರೆದಿಲ್ಲದಿದ್ರೆ ವಾಪಸ್ ಕಳಿಸೋಕೂ ಬಾಯಿ ಬರಲ್ಲ.

ಆಮೇಲೆ ಟೇಪ್. ವ್ಯಾಸ ಅಳೀಬೇಡಿ, ಡಿಶ್ ಸ್ವಲ್ಪ ಅಂಡಾಕಾರ ಇದ್ದೇ ಇರುತ್ತೆ. ಸ್ಟ್ರೇಟ್ ಫೇಸ್, ಅಂದ್ರೆ ಡಿಶ್ ಅಂಚಿನ ನೇರ ಪಟ್ಟಿ, ಅದರ ಸುತ್ತ ಸುತ್ತಳತೆ ತೆಗೀರಿ, ಅದಕ್ಕೆ ಹೊಂದಿಸಿ ಶೆಲ್ ಪ್ಲೇಟಿಗೆ ಮಾರ್ಕ್ ಮಾಡಿ. ಶುರುವಿನಲ್ಲಿ ನಾನು ಡ್ರಾಯಿಂಗ್ ನಂಬಿ 6 ಮಿ.ಮೀ. ಶೆಲ್ ಮೊದಲೇ ರೋಲ್ ಮಾಡಿಟ್ಟಿದ್ದೆ. ಡಿಶ್ ಸುತ್ತಳತೆ 16 ಮಿ.ಮೀ. ಹೆಚ್ಚಿತ್ತು. ಅಂದ್ರೆ ಸುತ್ತಲೂ ಎರಡೂವರೆ ಮಿ.ಮೀ. ಮೆಟ್ಟಿಲು, ಅಷ್ಟು ದಪ್ಪಕ್ಕೆ ಕೋಡ್ ಬಿಡೋದು ಒಂದೂವರೆ. ಇಬ್ಬರು ಹುಡುಗರು ಮಧ್ಯಾಹ್ನದ ತನಕ ವೆಡ್ಜ್ (ಬೆಣೆ) ಹೊಡೆದರು, ಕೂರಲಿಲ್ಲ. ಶೆಲ್ಲನ್ನ ಉದ್ದಕ್ಕೆ ಸೀಳಿ ಪಟ್ಟಿ ಸೇರಿಸಿದ್ವಿ. ಟ್ಯಾಂಕಿನಲ್ಲಿ ಅತಿ ಹೆಚ್ಚು ಭಾರ ಹೊರೋದೇ ಆ ಉದ್ದದ ಬೆಸುಗೆ, ಅಡ್ಡ ಬೆಸುಗೆಗಿಂತ ಎರಡು ಪಟ್ಟು. ಒಂದಿರಬೇಕಾದ ಕಡೆ ಎರಡು ಬಂತು, ಎಕ್ಸ್-ರೇ ಖರ್ಚು ನನ್ನ ತಲೆಗೇ. ಮನೆಯ 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ನೋಡಿ: ಎರಡು ಬಟ್ಟಲು ಎದುರುಬದುರು ಕೂರಿಸಿ ನಡುವೆ ಒಂದೇ ಸುತ್ತು ಬೆಸುಗೆ, ಉದ್ದದ್ದು ಇಲ್ಲವೇ ಇಲ್ಲ.

ಕೊನೆಗೆ ಹೈಡ್ರೋ ಟೆಸ್ಟ್, ಅಂದ್ರೆ ನೀರು ತುಂಬಿ ಒತ್ತಡ ಏರಿಸಿ ನೋಡೋದು, 10 ಬಾರ್ ಟ್ಯಾಂಕಿಗೆ 13 ಬಾರ್. ಮೇಲಿನ ನಾಜಲ್ (ಪೈಪ್ ಬಾಯಿ) ತೆರೆದಿಟ್ಟು ನೀರು ಉಕ್ಕೋ ತನಕ ತುಂಬಿಸಿ, ಗಾಳಿ ಒಳಗೆ ಉಳೀಬಾರದು. ಒತ್ತಡ ಏರುವಾಗ ಡಿಶ್‌ನ ಎದುರಿಗೆ ಮಾತ್ರ ಯಾರೂ ನಿಲ್ಲಬೇಡಿ. ನಮ್ಮಲ್ಲಿ ಆ ಜಾಗಕ್ಕೆ ಹಳದಿ ಬಣ್ಣ ಬಳಿದಿದೀವಿ.