ದಾಳ ಸಮ ಬಿದ್ದರೆ ಗೆಲುವು ಯಾರದು?

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ ಇದು; ಪಾತ್ರಗಳು ಪೈಪೋಟಿಗಿಳಿದರೆ ದಾಳದ ಮೊತ್ತ ಜಾಸ್ತಿ ಬಂದವರಿಗೆ ಗೆಲುವು. ನಮ್ಮ ಕತೆ: ಕೆಳದಿ ನಾಯಕರ ಕಾಲದ ಬೇಕಲ ಕೋಟೆ. ರಾತ್ರಿ ಹೊತ್ತು. ಬುರುಜಿನ ಮೇಲೆ ಪಳಗಿದ ಕಾವಲುಗಾರ, ಕೆಳಗೆ ಬಂಡೆಗಳ ಮರೆಯಲ್ಲಿ ಚಂದ್ರಗಿರಿ ಹೊಳೆಯ ದೋಣಿ ಹುಡುಗ. ಅವನು ಗೋಡೆ ಹತ್ತಿ ಒಳಗೆ ನುಸುಳಬೇಕು. ಹುಡುಗನ ಪಾತ್ರ ಆಡುವವರು 20 ಮುಖದ ದಾಳ ಹಾಕಿದರು: 14. ನುಸುಳುವ ಕೌಶಲಕ್ಕೆ 2 ಸೇರಿ 16. ಕಾವಲುಗಾರನಿಗೆ ಬಿದ್ದದ್ದು 9, ಅನುಭವಕ್ಕೆ 7 ಸೇರಿ ಅದೂ 16. ಈಗ ಏನು ಮಾಡುವುದು?

"ಇನ್ನೊಮ್ಮೆ ಹಾಕುವ ಮಾರಾಯ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದ ದಾಳವನ್ನು ಲೆಕ್ಕಕ್ಕಿಲ್ಲ ಎಂದುಬಿಟ್ಟರೆ ಆಟದ ಬಿಸಿ ಆರಿಹೋಗುತ್ತದೆ.

ಮೊದಲು, ಅದು ನಿಜವಾಗಿ ಸಮವೇ ಅಂತ ನೋಡಿ. ಇಂಥದೇ ಆಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಕತ್ತಿ ಬೀಸಿದಾಗ ಬಂದ ಮೊತ್ತ, ಎದುರಾಳಿಗೆ ಮೊದಲೇ ಗೊತ್ತುಮಾಡಿದ ರಕ್ಷಣೆಯ ಅಂಕಿಯಷ್ಟೇ ಇದ್ದರೂ ಏಟು ತಾಗುತ್ತದೆ. ಅಲ್ಲಿ ಗೊಂದಲವೇ ಇಲ್ಲ. ಇಬ್ಬರೂ ದಾಳ ಹಾಕಿದಾಗ ಮಾತ್ರ ಪ್ರಶ್ನೆ ಏಳುವುದು.

ಆಮೇಲೆ ಕೇಳಬೇಕಾದ್ದು: ಇದ್ದ ಸ್ಥಿತಿಯನ್ನು ಬದಲಿಸಲು ಹೊರಟವರು ಯಾರು? ಅದೇ ಆಟದ 2014ರ ನಿಯಮದಲ್ಲಿ ಇಬ್ಬರ ಪೈಪೋಟಿ ಸಮವಾದರೆ ಮೊದಲು ಹೇಗಿತ್ತೋ ಹಾಗೇ ಉಳಿಯುತ್ತದೆ. ದೋಣಿಯನ್ನು ನೀರಿಗೆ ತಳ್ಳುವವನೊಬ್ಬ, ಹಿಡಿದು ನಿಲ್ಲಿಸುವವನೊಬ್ಬ ಇದ್ದರೆ ದೋಣಿ ದಡದಲ್ಲೇ ಇರುತ್ತದೆ. ನಮ್ಮ ಹುಡುಗನ ವಿಷಯ ಸ್ವಲ್ಪ ಸೂಕ್ಷ್ಮ. ಅವನಿನ್ನೂ ಕೋಟೆಯ ಹೊರಗಿದ್ದಾನೆ, ಕಾವಲುಗಾರನೂ ಅವನನ್ನು ಕಂಡಿಲ್ಲ. ಹಾಗಾಗಿ ಹುಡುಗ ಒಳಗೆ ಹೋಗಲಾರ, ಸಿಕ್ಕಿಬೀಳುವುದೂ ಇಲ್ಲ. ಅವನು ಮೊದಲೇ ಒಳಗೆ ಅಡಗಿದ್ದು ಕಾವಲುಗಾರ ಹುಡುಕುತ್ತಿದ್ದರೆ, ಅಡಗಿಯೇ ಇರುತ್ತಾನೆ. ನನಗೆ ಈ ನಿಯಮ ತುಂಬಾ ಇಷ್ಟ. ಯಾರು ಬಲಿಷ್ಠರು ಅಂತ ಕೇಳುವ ಅಗತ್ಯವೇ ಇದಕ್ಕಿಲ್ಲ.

ಆದರೆ ಇಬ್ಬರೂ ಓಡಿ ಒಂದೇ ಬಾಗಿಲು ಮುಟ್ಟಬೇಕು ಅನ್ನಿ. ಅಲ್ಲಿ ಒಬ್ಬರು ಗೆಲ್ಲಲೇಬೇಕು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನದೇ 2003ರ 3.5 ಆವೃತ್ತಿಯಲ್ಲಿ ಇಂಥ ಕಡೆ ಕೌಶಲದ ಅಂಕಿ ಜಾಸ್ತಿ ಇದ್ದವರಿಗೆ ಗೆಲುವು. ನನಗಿದು ಅಷ್ಟು ಸರಿ ಕಾಣುವುದಿಲ್ಲ. ಕಾವಲುಗಾರನ 7 ಮೊದಲೇ ಮೊತ್ತಕ್ಕೆ ಸೇರಿದೆಯಲ್ವಾ? ಅದನ್ನೇ ಎರಡನೇ ಸಲ ಲೆಕ್ಕಕ್ಕೆ ಹಿಡಿದ ಹಾಗಾಯಿತು. 'ಕಾಲ್ ಆಫ್ ಕ್ತುಲ್ಹು' ಎಂಬ ಇಂಥದೇ ಇನ್ನೊಂದು ಆಟದ 7ನೇ ಆವೃತ್ತಿಯಲ್ಲಿ ಇದೇ ನಿಯಮ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಹೋಲಿಸುವುದು ಮೊತ್ತವನ್ನಲ್ಲ, ಗೆಲುವಿನ ಮಟ್ಟವನ್ನು: ಸಾಧಾರಣ, ಕಠಿಣ, ಅತಿಕಠಿಣ. ಮಟ್ಟಗಳು ಕೆಲವೇ ಆದ್ದರಿಂದ ಇಬ್ಬರೂ ಒಂದೇ ಮಟ್ಟದಲ್ಲಿ ನಿಲ್ಲುವುದು ಸುಲಭ. ಆಗ ಕೌಶಲ ಜಾಸ್ತಿ ಇದ್ದವರನ್ನು ಮುಂದೆ ಬಿಡುವುದು ನ್ಯಾಯವೇ.

ನಿಮ್ಮ ದಾಳ ಎಷ್ಟು ದೊಡ್ಡದು ಅನ್ನುವುದನ್ನೂ ನೋಡಿಕೊಳ್ಳಿ. 20 ಮುಖದ ದಾಳದಲ್ಲಿ, ನಮ್ಮ ಕತೆಯ ಹಾಗೆ ಕೌಶಲದಲ್ಲಿ 5 ಅಂಕಿ ಅಂತರವಿದ್ದರೆ, ಇಬ್ಬರ ದಾಳ ಸೇರಿ ಬೀಳಬಹುದಾದ 400 ಜೋಡಿಗಳಲ್ಲಿ ಸಮ ಆಗುವುದು 15 ಮಾತ್ರ. ಬಲಿಷ್ಠ 280ರಲ್ಲಿ ಗೆಲ್ಲುತ್ತಾನೆ, ದುರ್ಬಲ 105ರಲ್ಲಿ. ಆ 15 ಯಾರಿಗೆ ಹೋದರೂ ಆಟ ಬುಡಮೇಲಾಗುವುದಿಲ್ಲ. 6 ಮುಖದ ದಾಳದಲ್ಲಿ ಹಾಗಲ್ಲ. ಅಂತರ ಬರೀ 1 ಇದ್ದರೆ 36ರಲ್ಲಿ ಬಲಿಷ್ಠನಿಗೆ 21, ದುರ್ಬಲನಿಗೆ 10, ಸಮ 5. ಆ 5 ದುರ್ಬಲನಿಗೆ ಕೊಟ್ಟರೆ ಅವನದು 15 ಆಗುತ್ತದೆ, ಅಂದರೆ ಒಂದೂವರೆ ಪಟ್ಟು. ಚಿಕ್ಕ ಪಾತ್ರಗಳಿಗೂ ಆಸೆ ಉಳಿಯಬೇಕು ಅನ್ನುವವರು ಹೀಗೆ ಮಾಡಬಹುದು. ನಾನಂತೂ ಹೀಗೇ ಮಾಡುತ್ತೇನೆ.

ಯಾವ ದಾರಿ ಹಿಡಿದರೂ "ಏನೂ ಆಗಲಿಲ್ಲ" ಅಂತ ಮಾತ್ರ ಹೇಳಬೇಡಿ. ಹುಡುಗ ಅರ್ಧ ಗೋಡೆಯಲ್ಲಿ ನೇತಾಡುತ್ತಿದ್ದಾನೆ, ಕೈ ಸೋಲುತ್ತಿದೆ, ಕಾವಲುಗಾರ ದೊಂದಿ ಹಿಡಿದು ಬಗ್ಗಿ ನೋಡುತ್ತಿದ್ದಾನೆ, ಕೆಳಗೆ ಅಲೆ ಏರುತ್ತಿದೆ. ಈಗ ಏನು ಮಾಡುತ್ತೀರಿ ಅಂತ ಆಟಗಾರರನ್ನೇ ಕೇಳಿ. ಮುಂದಿನ ದಾಳ ಬೇರೆಯೇ ಪ್ರಶ್ನೆಗೆ ಬೀಳುತ್ತದೆ.

ಕಾಳಗದಲ್ಲಿ ಯಾರ ಸರದಿ ಮೊದಲು ಎಂಬಲ್ಲಿ ಆಟಗಾರರ ನಡುವೆಯೇ ಸಮ ಬಂದರೆ, ಅವರವರೇ ಮಾತಾಡಿಕೊಳ್ಳಲಿ.

ಇದನ್ನೆಲ್ಲ ಆಟ ಶುರುವಾಗುವ ಮುಂಚೆಯೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಿ. ಕನ್ನಡ, ತುಳು, ಮಲಯಾಳ ಮೂರೂ ಓಡಾಡುವ ನಮ್ಮ ಕಡೆಯ ಮೇಜುಗಳಲ್ಲಿ ಒಮ್ಮೆ ಬಾಯಿಬಿಟ್ಟು ವಿವರಿಸಿಯೂ ಬಿಡಿ.