ಬಳ್ಳಾರಿಯ ಮನೆಗೆ ಮಧ್ಯಮ ಬೆಲೆಯ ವೈ-ಫೈ ರೌಟರ್: ನಾನು ಆರಿಸಿದ ಬಗೆ

ರೌಟರ್ ಪೆಟ್ಟಿಗೆಯ ಮೇಲೆ ದಪ್ಪಗೆ ಅಚ್ಚಾಗಿರುವ ಅಂಕಿ ಎರಡು ಅಂಕಿಗಳ ಮೊತ್ತ. ಎಸಿ1200 ಅಂದರೆ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ (ತರಂಗಪಟ್ಟಿಗೆ) 300 ಎಂಬಿಪಿಎಸ್ ವೇಗ, 5 ಗಿಗಾಹರ್ಟ್ಸ್‌ಗೆ 867. ಎಎಕ್ಸ್1500 ಅಂದರೆ 300 ಮತ್ತು 1201. ಎಎಕ್ಸ್1800ಕ್ಕೆ 574 ಮತ್ತು 1201, ಎಎಕ್ಸ್3000ಕ್ಕೆ 574 ಮತ್ತು 2402. ಕೂಡಿಸಿದ್ದನ್ನು ಹತ್ತಿರದ ನೂರಕ್ಕೆ ಸರಿಮಾಡಿ ಬರೆದಿರುತ್ತಾರೆ. ಅಂಗಡಿಯಲ್ಲಿ ತೋರಿಸುವುದು ಎರಡನೆಯ ಅಂಕಿಯನ್ನು. ನಾನು ಮೊದಲನೆಯದನ್ನು ನೋಡಿ ಎಎಕ್ಸ್1800 ಆರಿಸಿದೆ, ಉಳಿದ ದುಡ್ಡನ್ನು ಲ್ಯಾನ್ ವೈರ್‌ಗೂ ಬ್ಯಾಟರಿಗೂ ಹಾಕಿದೆ.

ಕಾರಣ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ಇಟ್ಟಿಗೆಯ ಒಂದು ಗೋಡೆ ದಾಟಿ ಪಕ್ಕದ ಕೋಣೆಗೆ ಚೆನ್ನಾಗಿಯೇ ಬರುತ್ತದೆ. ನಮ್ಮ ಕಡೆಯ ಹಳೆ ಮನೆಗಳ ಒಂದೂವರೆ ಅಡಿ ಕಲ್ಲುಗೋಡೆ, ಕಬ್ಬಿಣ ಕಟ್ಟಿದ ಆರ್‌ಸಿಸಿ ಸ್ಲ್ಯಾಬು, ಕಬ್ಬಿಣದ ಬೀರು, ತುಂಬಿದ ನೀರಿನ ಟ್ಯಾಂಕು ಇವುಗಳ ಮುಂದೆ ಅದರ ಆಟ ನಡೆಯುವುದಿಲ್ಲ. ಆಚೆ ಹೋದ ಫೋನು ತಾನಾಗಿಯೇ 2.4ಕ್ಕೆ ಇಳಿಯುತ್ತದೆ. ನಮ್ಮದು ಬೆರಕೆ ಮನೆ: ಹಿಂದೆ ಕಲ್ಲು, ಮುಂದಿನ ಪಡಸಾಲೆ ಮತ್ತು ಮಾಳಿಗೆಯ ಮೇಲಿನ ಕೋಣೆಗಳು ಇಟ್ಟಿಗೆ. ಇಂಥ ಮನೆಯಲ್ಲಿ 2.4 ದಿನವೂ ದುಡಿಯುತ್ತದೆ.

ಕೊಳ್ಳುವ ಮುಂಚೆಯೇ ಅಳೆಯಬಹುದು. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ರೌಟರ್ ಇಡಬೇಕೆಂದಿರುವ ಜಾಗದಲ್ಲಿ ಇಡಿ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಮೊದಲು 5, ಆಮೇಲೆ 2.4 ಆರಿಸಿ. ಇನ್ನೊಂದು ಆಂಡ್ರಾಯ್ಡ್ ಫೋನಿನಲ್ಲಿ ವೈ-ಫೈ ಅನಲೈಸರ್ ಥರದ ಯಾವುದಾದರೂ ಆ್ಯಪ್ ಹಾಕಿಕೊಂಡು ಕೋಣೆ ಕೋಣೆಗೆ ಹೋಗಿ ಡಿಬಿಎಂ (ಸಿಗ್ನಲ್ ಬಲದ) ಅಂಕಿ ಬರೆದುಕೊಳ್ಳಿ. ನಡೆಯುತ್ತಾ ಓದಬೇಡಿ, ಆಂಡ್ರಾಯ್ಡ್ 9ರಿಂದೀಚೆಗೆ ಆ್ಯಪ್‌ಗಳಿಗೆ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಲು ಬಿಡುತ್ತದೆ, ಹಾಗಾಗಿ ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಲ್ಲಬೇಕು. ಅಂಕಿ ಮೈನಸ್ 67 ಅಥವಾ ಅದಕ್ಕಿಂತ ಮೇಲಿದ್ದರೆ (ಮೈನಸ್ 60, 55 ಹೀಗೆ) ವಿಡಿಯೋ ಕರೆಗೆ ಸಾಕು. ಮೈನಸ್ 75ರಲ್ಲಿ ವಾಟ್ಸ್ಆ್ಯಪ್ ಸಾಗುತ್ತದೆ, ಕರೆ ತಡವರಿಸುತ್ತದೆ. 80 ದಾಟಿತೆಂದರೆ ಆ ಕೋಣೆಗೆ ವೈರೇ ಗತಿ. ಫೋನಿನ ಹಾಟ್‌ಸ್ಪಾಟ್ ರೌಟರಿಗಿಂತ ದುರ್ಬಲ, ಆದ್ದರಿಂದ ಇಲ್ಲಿ ಪಾಸಾದ ಕೋಣೆ ರೌಟರಿನಲ್ಲಿ ಫೇಲಾಗುವ ಮಾತಿಲ್ಲ.

ಈ ಪರೀಕ್ಷೆಯಲ್ಲೇ ಕೆಲವರಿಗೆ ಹೊಸ ರೌಟರ್ ಬೇಡವೆಂದು ಗೊತ್ತಾಗುತ್ತದೆ. ಫೈಬರ್ ಜೊತೆ ಬಂದ ಒಎನ್‌ಟಿ ಡಬ್ಬಿ (ಫೈಬರಿನ ಬೆಳಕನ್ನು ನೆಟ್ ಮಾಡಿಕೊಡುವುದು) ಡ್ಯುಯಲ್ ಬ್ಯಾಂಡ್, ಅಂದರೆ 2.4 ಮತ್ತು 5 ಎರಡೂ ಇರುವುದು ಆಗಿದ್ದು, ಮನೆ ಎರಡು ಕೋಣೆಯದಾಗಿದ್ದರೆ, ಡಬ್ಬಿಯನ್ನು ಬಾಗಿಲ ಮೂಲೆಯಿಂದ ನಡುಮನೆಗೆ ಸರಿಸಿದರೆ ಮುಗಿಯಿತು. ಫೈಬರ್ ವೈರನ್ನು ಮೊಳೆಗೆ ಸುತ್ತಿ ಮಡಚಬೇಡಿ. ಹಸಿರು ಕನೆಕ್ಟರನ್ನು ನೀಲಿ ಜೋಡಣೆಗೆ ತುರುಕಬೇಡಿ. ಎರಡರ ತುದಿ ಉಜ್ಜಿದ ಕೋನವೇ ಬೇರೆ, ಬೆಳಕು ಸೋರಿಹೋಗುತ್ತದೆ. ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ (ಬರುವ ಬೆಳಕಿನ ಬಲ, ಇದೂ ಡಿಬಿಎಂ ಅಂಕಿ) ನೋಡಿ. ಮೈನಸ್ 18ರಿಂದ 24ರೊಳಗಿದ್ದರೆ ಚಿಂತೆಯಿಲ್ಲ. ಮೈನಸ್ 27ರ ಹತ್ತಿರ ಹೋಗಿದ್ದರೆ ಲೈನೇ ಸೊರಗಿದೆ ಎಂದರ್ಥ, ಎಂಥ ರೌಟರ್ ತಂದರೂ ನೆಟ್ ಕಡಿಯುತ್ತಲೇ ಇರುತ್ತದೆ. ಆ ಅಂಕಿಯನ್ನು ಕೇಬಲ್‌ನವರಿಗೆ ಹೇಳಿ ಲೈನ್ ಸರಿಮಾಡಿಸಿ.

ಇನ್ನು ಆ ಮೊದಲನೆಯ ಅಂಕಿ. 300 ಎನ್ನುವುದು ಚಾನೆಲ್ ಅಗಲ (ಸಿಗ್ನಲ್ ಬಳಸುವ ಪಟ್ಟಿಯ ಅಗಲ) 40 ಮೆಗಾಹರ್ಟ್ಸ್ ಇದ್ದಾಗಿನ ಲೆಕ್ಕ. ಕೌಲ್ ಬಜಾರ್, ಸತ್ಯನಾರಾಯಣಪೇಟೆಯಂಥ ಒತ್ತೊತ್ತಾದ ಓಣಿಯಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಕಪಕ್ಕದ ಹೆಸರುಗಳೇ ಒಂದು ಪುಟ ತುಂಬುತ್ತವೆ. ಅಲ್ಲಿ 20 ಮೆಗಾಹರ್ಟ್ಸ್‌ಗಿಂತ ಅಗಲ ಮಾಡಿದರೆ ನಿಮಗೂ ಸುಖವಿಲ್ಲ, ನೆರೆಯವರಿಗೂ ಇಲ್ಲ. 20ಕ್ಕೆ ಇಳಿಸಿದಾಗ 300 ಹೋಗಿ 144 ಆಗುತ್ತದೆ, ಅದರಲ್ಲಿ ಕೈಗೆ ಹತ್ತುವುದು ಅರ್ಧದಷ್ಟು. ಎಎಕ್ಸ್1500 ರೌಟರುಗಳ ಮೇಲೆ ವೈ-ಫೈ 6 ಎಂದು ಬರೆದಿದ್ದರೂ 2.4ರಲ್ಲಿ ಅವು ಹಳೆಯ ವೈ-ಫೈ 4ರಲ್ಲೇ ಇವೆ. 300 ಎಂಬ ಅಂಕಿಯೇ ಅದರ ಗುರುತು. ಎಎಕ್ಸ್1800ರಲ್ಲಿ 2.4ಕ್ಕೂ ವೈ-ಫೈ 6 ಇದೆ, 20 ಮೆಗಾಹರ್ಟ್ಸ್‌ನಲ್ಲೇ 287 ಬರುತ್ತದೆ. ಆದರೆ 287 ಹತ್ತಿರದ ಮಾತು. ದೂರ ಹೋದಂತೆ ಎರಡೂ ಇಳಿಯುತ್ತವೆ, ಸಮಾನ ಸಿಗ್ನಲ್ಲಿನಲ್ಲಿ ವೈ-ಫೈ 6ಕ್ಕೆ ಸಿಗುವ ಹೆಚ್ಚುಗಾರಿಕೆ ಸುಮಾರು ಐದರಲ್ಲೊಂದು ಪಾಲು. ಅದೂ ಫೋನು ವೈ-ಫೈ 6ರದ್ದಾಗಿದ್ದರೆ ಮಾತ್ರ. ಹಳೆ ಟಿವಿಗೆ ಯಾವ ಲಾಭವೂ ಇಲ್ಲ.

ಎಎಕ್ಸ್3000 ಬಿಟ್ಟದ್ದೇಕೆಂದರೆ, ಅದರ 2402 ಎಂಬುದು 160 ಮೆಗಾಹರ್ಟ್ಸ್ ಅಗಲದ ಅಂಕಿ. ಹಲವು ಫೋನುಗಳು 80ಕ್ಕೇ ನಿಲ್ಲುತ್ತವೆ, ಆಗ ಅದೂ 1201ಕ್ಕೆ ಇಳಿಯುತ್ತದೆ. ಮೇಲಾಗಿ 160 ಬೇಕೆಂದರೆ ಸಾಮಾನ್ಯವಾಗಿ 36ರಿಂದ 64ರವರೆಗಿನ ಚಾನೆಲ್‌ಗಳೆಲ್ಲ ಬೇಕು. ಅದರಲ್ಲಿ 52ರಿಂದ 64 ರೇಡಾರ್ ಜೊತೆ ಹಂಚಿಕೊಂಡವು. ರೌಟರ್ ಆನ್ ಆದಮೇಲೆ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ರೇಡಾರ್ ಇಲ್ಲವೆಂದು ಖಾತ್ರಿಯಾದಮೇಲಷ್ಟೇ ಅಲ್ಲಿ ಸಿಗ್ನಲ್ ಬಿಡಬೇಕು. ಕರೆಂಟ್ ಹೋಗಿಬರುವ ಮನೆಯಲ್ಲಿ "2.4 ಬಂತು, 5 ಕಾಣುತ್ತಿಲ್ಲ" ಎಂಬ ದೂರು ಬರುವುದು ಬಹಳ ಸಲ ಇದರಿಂದ. ನಾನು 80 ಮೆಗಾಹರ್ಟ್ಸ್, ಚಾನೆಲ್ 36 ಅಥವಾ 149 ಎಂದು ಕಟ್ಟಿಹಾಕುತ್ತೇನೆ, ಕಾಯುವ ಗೋಜಿಲ್ಲ. ಅಗ್ಗದ ವೈ-ಫೈ 7 ಎಂದು ಬರುವ ಬಿಇ3600ರ ಕಥೆಯೂ ಹೀಗೇ: 688 ಮತ್ತು 2882. ಅದೂ 160ರ ಲೆಕ್ಕ, ಅದರ ಮೇಲೆ ರೌಟರ್ ಇರುವ ಕೋಣೆಯಲ್ಲಷ್ಟೇ ನಿಲ್ಲುವಂಥ ಸಿಗ್ನಲ್ ಬೇಡುತ್ತದೆ. 100 ಅಥವಾ 200 ಎಂಬಿಪಿಎಸ್ ಪ್ಲಾನಿಗೆ ಇದ್ಯಾವುದೂ ಬೇಕಿಲ್ಲ. ಆಂಟೆನಾ ನಾಲ್ಕೋ ಆರೋ ಎಂದು ಎಣಿಸುವುದೂ ದಂಡ. ಗರಿಷ್ಠ ಪವರಿಗೆ ಸರಕಾರದ ಮಿತಿಯಿದೆ, ಕೋಲು ಹೆಚ್ಚಿದರೆ ದೂರ ಹೆಚ್ಚುವುದಿಲ್ಲ.

ಬಿಡಬಾರದ ಒಂದು ವಿಷಯ ಪೋರ್ಟು. ಕಡಿಮೆ ಬೆಲೆಯ ಎಸಿ1200 ರೌಟರುಗಳಲ್ಲಿ ಹಲವಕ್ಕೆ 10/100 ಪೋರ್ಟು. ಒಳಗೆ 867 ಇದ್ದು ಏನು ಮಾಡುವುದು, ಹೊರಗಿನಿಂದ ಬರುವ ಬಾಗಿಲೇ 94–95 ಎಂಬಿಪಿಎಸ್‌ಗೆ ನಿಲ್ಲುತ್ತದೆ. 150ರ ಪ್ಲಾನ್ ಹಾಕಿಸಿಕೊಂಡು 94 ಕಂಡರೆ ಕಂಪನಿಯವರನ್ನು ಬೈಯುವ ಮುಂಚೆ ಪೋರ್ಟು ನೋಡಿ. ಪೆಟ್ಟಿಗೆಯ ಮೇಲೆ ಗಿಗಾಬಿಟ್ ಎಂದು ವ್ಯಾನ್ (ಹೊರಗಿನ ನೆಟ್ ಬರುವ ಪೋರ್ಟು) ಮತ್ತು ಲ್ಯಾನ್ (ಮನೆಯೊಳಗಿನ ವೈರಿನದು) ಎರಡಕ್ಕೂ ಬರೆದಿರಬೇಕು. ತಳದ ಚೀಟಿಯಲ್ಲಿ ವಿ1, ವಿ2 ಎಂದು ಹಾರ್ಡ್‌ವೇರ್ ಆವೃತ್ತಿ ಇರುತ್ತದೆ. ಅದೇ ಹೆಸರಿನಡಿ ಒಳಗಿನ ಚಿಪ್ ಬದಲಾಗಿರುವುದುಂಟು, ಆದ್ದರಿಂದ ಕಂಪನಿಯ ಪುಟದಲ್ಲಿ ಅದೇ ಆವೃತ್ತಿಗೆ ಕೊನೆಯ ಫರ್ಮ್‌ವೇರ್ (ರೌಟರಿನೊಳಗಿನ ಸಾಫ್ಟ್‌ವೇರ್) ಯಾವಾಗ ಬಂದಿದೆ ಎಂದು ನೋಡಿ. ಎರಡು ಮೂರು ವರ್ಷದಿಂದ ಏನೂ ಬಂದಿಲ್ಲವಾದರೆ ಬಿಟ್ಟುಬಿಡಿ. ಟಿಪಿ-ಲಿಂಕ್‌ನ ಆರ್ಚರ್ ಎಎಕ್ಸ್23 ಈ ದರ್ಜೆಯ ಒಂದು ಉದಾಹರಣೆ: ಎಎಕ್ಸ್1800, ಪೋರ್ಟೆಲ್ಲ ಗಿಗಾಬಿಟ್.

ಬೇಸಗೆಯ ಲೆಕ್ಕವೂ ಇದೆ. ಮನೆಬಳಕೆಯ ಬಹುಪಾಲು ರೌಟರುಗಳ ವಿವರಪಟ್ಟಿಯಲ್ಲಿ ಕೆಲಸ ಮಾಡುವ ಉಷ್ಣತೆ 0ರಿಂದ 40 ಡಿಗ್ರಿ ಎಂದಿರುತ್ತದೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಹೊರಗಿನ ಬಿಸಿಲೇ 40 ದಾಟುತ್ತದೆ. ಮೇಲ್ಮಹಡಿಯ ಸ್ಲ್ಯಾಬಿಗೆ ತಾಗಿದ ಲಾಫ್ಟ್, ಗಾಜಿನ ಬಾಗಿಲಿನ ಟಿವಿ ಷೋಕೇಸು ಇವುಗಳಲ್ಲಿ ಇನ್ನೂ ಜಾಸ್ತಿ. ಕೆಳಮನೆಯ ನಡುಗೋಡೆಗೆ, ಐದಾರು ಅಡಿ ಎತ್ತರದಲ್ಲಿ, ಹಿಂದೆ ಬೆರಳು ಹೋಗುವಷ್ಟು ಸಂದು ಬಿಟ್ಟು ನೇತುಹಾಕಿದರೆ ಬಿಸಿಯೂ ಕಡಿಮೆ, ಸಿಗ್ನಲ್ಲೂ ಎಲ್ಲ ಕಡೆ. ಸಂಡೂರು, ತೋರಣಗಲ್ಲು ಕಡೆಯಾದರೆ ಕೆಂಪು ಧೂಳು ಗಾಳಿಕಿಂಡಿ ಕಟ್ಟುತ್ತದೆ; ಆಗಾಗ ಒಣ ಬ್ರಷ್ ಆಡಿಸಿ. ಬಿಸಿಗೆ ರೌಟರಿಗಿಂತ ಮುಂಚೆ ಸೋಲುವುದು ಅಡಾಪ್ಟರ್. ಎಲ್ಲರೂ ನೆಟ್ ಹಚ್ಚಿದಾಗ ರೌಟರ್ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ, ಬೇರೆ ಒಳ್ಳೆಯ ಅಡಾಪ್ಟರ್ ಹಾಕಿ ನೋಡುವುದು ಮೊದಲ ಕೆಲಸ.

ಕರೆಂಟ್ ಹೋದಾಗಿಗೆ ಮಿನಿ ಯುಪಿಎಸ್ (ಸಣ್ಣ ಬ್ಯಾಟರಿ ಡಬ್ಬಿ). ರೌಟರ್ ಮತ್ತು ಒಎನ್‌ಟಿ ಎರಡಕ್ಕೂ ಕೊಡಬೇಕು. ಒಂದಕ್ಕೇ ಕೊಟ್ಟರೆ ವೈ-ಫೈ ಗೆರೆ ತುಂಬಿರುತ್ತದೆ, ನೆಟ್ ಇರುವುದಿಲ್ಲ. ಎರಡೂ ಕೂಡಿ ಎಳೆಯುವುದು ಸುಮಾರು 10–12 ವ್ಯಾಟ್. 10,000 ಎಂಎಎಚ್ ಎಂದು ಬರೆದಿದ್ದರೆ ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. 12 ವೋಲ್ಟಿಗೆ ಏರಿಸುವಲ್ಲಿ ಒಂದಿಷ್ಟು ಕಳೆದು ಉಳಿದದ್ದರಲ್ಲಿ ಎರಡೂವರೆಯಿಂದ ಮೂರು ತಾಸು ನಡೆಯುತ್ತದೆ. ಎಂಟು ತಾಸು ಎಂಬ ಜಾಹೀರಾತು ಒಂದೇ ಸಣ್ಣ ರೌಟರಿನದು. ಕೊಳ್ಳುವಾಗ ಅಡಾಪ್ಟರುಗಳ ಮೇಲಿನ ವೋಲ್ಟು, ಆಂಪಿಯರ್ ಬರೆದುಕೊಂಡು ಹೋಗಿ: 12 ವೋಲ್ಟು 1 ಆಂಪ್, 12 ವೋಲ್ಟು 1.5 ಆಂಪ್ ಹೀಗೆ. ಕೆಲವು ರೌಟರುಗಳಿಗೆ 9 ವೋಲ್ಟು. ಅದಕ್ಕೆ 12 ವೋಲ್ಟಿನ ಪಿನ್ನು ಸರಾಗವಾಗಿ ಕೂರುತ್ತದೆ, ರೌಟರ್ ಸುಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಿನಿ ಯುಪಿಎಸ್ ಇಲ್ಲದೆಯೂ ನಡೆದೀತು, ಆದರೆ ಇನ್ವರ್ಟರಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಬೇಕು. ಇಲ್ಲವಾದರೆ ಬದಲಾಗುವ ಆ ಕ್ಷಣದಲ್ಲಿ ರೌಟರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ.

ಜೋಡಿಸುವಾಗ ಕೇಬಲ್‌ನವರನ್ನು ಕೇಳಬೇಕಾದದ್ದು: ಒಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ತಾನು ರೌಟರ್ ಕೆಲಸ ಮಾಡದೆ ನೆಟ್ಟನ್ನು ಬರೀ ದಾಟಿಸುವ ಬಗೆ) ಹಾಕಿಕೊಡುತ್ತೀರಾ, ಪಿಪಿಪಿಒಇ (ನೆಟ್ ಲಾಗಿನ್) ಯೂಸರ್‌ನೇಮ್, ಪಾಸ್‌ವರ್ಡ್ ಏನು, ವಿಲ್ಯಾನ್ ನಂಬರ್ (ಲೈನಿನ ಗುರುತಿನ ಅಂಕಿ) ಎಷ್ಟು, ಮ್ಯಾಕ್ ಅಡ್ರೆಸ್ (ಉಪಕರಣದ ಗುರುತಿನ ಸಂಖ್ಯೆ) ಕಟ್ಟಿದ್ದೀರಾ. ಮ್ಯಾಕ್ ಕಟ್ಟಿದ್ದರೆ ಹೊಸ ರೌಟರಿನದ್ದನ್ನು ಅವರಿಗೆ ಕೊಡಿ, ಇಲ್ಲವೇ ಹಳೆಯದರ ಮ್ಯಾಕನ್ನು ಹೊಸದರಲ್ಲಿ ಕ್ಲೋನ್ ಮಾಡಿ. ಬ್ರಿಡ್ಜ್ ಮಾಡಿಕೊಡಲು ಒಪ್ಪದಿದ್ದರೆ ತಲೆಕೆಡಿಸಿಕೊಳ್ಳದೆ ಹೊಸ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ (ವೈ-ಫೈ ಮಾತ್ರ ಕೊಡುವ ಬಗೆ) ಹಾಕಿ, ಒಎನ್‌ಟಿಯ ವೈ-ಫೈ ಆಫ್ ಮಾಡಿಬಿಡಿ. ರೌಟರ್ ಮೋಡಿನಲ್ಲೇ ಇಟ್ಟು, ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸವಿದ್ದರೆ ಜಗಳ ಹತ್ತುತ್ತದೆ, ಹೊಸದನ್ನು 192.168.2.1 ಮಾಡಿ. ಸಿಸಿ ಕ್ಯಾಮೆರಾಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿಂದ ಕಾಣದಿದ್ದರೆ ರೌಟರ್ ತಪ್ಪಲ್ಲ. ಎಷ್ಟೋ ಮನೆಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಕೂರಿಸಿರುತ್ತಾರೆ, ಆಗ ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್‌ನಲ್ಲೇ ನೋಡಬೇಕು.

ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳು ಸಾಮಾನ್ಯವಾಗಿ 2.4ರವೇ. ಸ್ಮಾರ್ಟ್ ಕನೆಕ್ಟ್ (ಎರಡೂ ಬ್ಯಾಂಡಿಗೆ ಒಂದೇ ಹೆಸರಿಡುವ ಸೆಟ್ಟಿಂಗ್) ಆಫ್ ಮಾಡಿ, ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರಿಟ್ಟು, 2.4ಕ್ಕೆ ಡಬ್ಲ್ಯುಪಿಎ2 ಭದ್ರತೆ ಇಟ್ಟರೆ ಅವು ತಕರಾರಿಲ್ಲದೆ ಸೇರಿಕೊಳ್ಳುತ್ತವೆ. 2.4ಕ್ಕೆ ಚಾನೆಲ್ 1, 6, 11ರಲ್ಲಿ ಯಾವುದರಲ್ಲಿ ಗದ್ದಲ ಕಡಿಮೆಯೋ ಅದನ್ನು ಇಡಿ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್ ನಂಬರಿನಿಂದ ಸೇರಿಸುವ ಸೌಲಭ್ಯ) ಆಫ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಕಲ್ಲುಗೋಡೆಯ ಹಿಂದಿನ ಕೋಣೆಗೂ ಮೇಲ್ಮಹಡಿಗೂ ರಿಪೀಟರ್ ಇಟ್ಟರೆ ಗೆರೆ ತುಂಬುತ್ತದೆ, ವೇಗ ಅರ್ಧವಾಗುತ್ತದೆ. ಒಂದೇ ರೇಡಿಯೋ ಕೇಳಿ ಮತ್ತೆ ಹೇಳಬೇಕಲ್ಲ. ಕ್ಯಾಟ್ 6 ವೈರ್ ಎಳೆದು ಆ ತುದಿಯಲ್ಲಿ ಹಳೆಯ ರೌಟರನ್ನೇ ಆ್ಯಕ್ಸೆಸ್ ಪಾಯಿಂಟ್ ಮಾಡುವುದು ಅಗ್ಗ ಮತ್ತು ಗಟ್ಟಿ. ವೈರ್ ಪೂರ್ತಿ ತಾಮ್ರದ್ದಿರಲಿ. ಸಿಸಿಎ ಎಂದಿದ್ದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಹೊರಗೋಡೆಯ ಮೇಲೆ ಹಾಯುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ವೈರ್ ತೆಗೆದುಕೊಳ್ಳಿ. ಕ್ರಿಂಪ್ ಮಾಡುವ ಕ್ರಮ ಎರಡೂ ತುದಿಗೆ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ದರೂ ನೆಟ್ ಬರುತ್ತದೆ, ಆದರೆ 100ಕ್ಕೆ ಇಳಿದಿರುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿ ಲಿಂಕ್ ಸ್ಪೀಡ್ 1 ಗಿಗಾಬಿಟ್ ಎಂದು ತೋರಿಸುವವರೆಗೆ ಎಲೆಕ್ಟ್ರಿಷಿಯನ್ನನ್ನು ಕಳಿಸಬೇಡಿ.

ಕೆಲವು ಓಣಿಗಳಲ್ಲಿ ಫೈಬರ್ ಕಂಬದವರೆಗೆ ಮಾತ್ರ, ಕಂಬದ ಸ್ವಿಚ್ಚಿನಿಂದ ಮನೆಗೆ ತಾಮ್ರದ ಲ್ಯಾನ್ ವೈರ್. ಅಂಥ ಮನೆಯಲ್ಲಿ ಮುಂಗಾರಿನ ಮುಂಚಿನ ಸಿಡಿಲಿಗೆ ಮೊದಲು ಹೋಗುವುದು ವ್ಯಾನ್ ಪೋರ್ಟು. ಗುಡುಗು ಶುರುವಾಗುವ ಮುಂಚೆ ಪವರ್ ಪ್ಲಗ್ ಕಿತ್ತರೆ ಸಾಲದು, ಆ ಲ್ಯಾನ್ ವೈರನ್ನೂ ಬಿಚ್ಚಿಡಬೇಕು. ಪೋರ್ಟು ಸುಟ್ಟ ರೌಟರನ್ನು ಎಸೆಯುವ ಮುಂಚೆ ಸೆಟ್ಟಿಂಗ್‌ನ ಐಪಿಟಿವಿ ಅಥವಾ ವ್ಯಾನ್ ಪುಟ ನೋಡಿ. ಕೆಲವು ಮಾದರಿಗಳಲ್ಲಿ ಒಂದು ಲ್ಯಾನ್ ಪೋರ್ಟನ್ನೇ ವ್ಯಾನ್ ಮಾಡಿಕೊಳ್ಳಲು ಬರುತ್ತದೆ. ಅದೂ ಇಲ್ಲವಾದರೆ, ಲ್ಯಾನ್ ಪೋರ್ಟುಗಳು ಉಳಿದಿದ್ದಲ್ಲಿ, ಮೇಲಿನ ಕೋಣೆಗೆ ಆ್ಯಕ್ಸೆಸ್ ಪಾಯಿಂಟ್ ಆಗಿ ಹಾಕಬಹುದು.