ನೆಟ್‌ವರ್ಕ್ ಬದಲಾಯಿತಾ? ಕರ್ನಲ್ಲೇ ಹೇಳುತ್ತದೆ, ಕೇಳಿಸಿಕೊಳ್ಳಿ

ಕೇಬಲ್ ಕಿತ್ತುಬಂದರೆ, ವೈ-ಫೈ ಬದಲಾದರೆ ನಿಮ್ಮ ಪ್ರೋಗ್ರಾಮಿಗೆ ಕೂಡಲೇ ಗೊತ್ತಾಗಬೇಕು. ಲಿನಕ್ಸಿನಲ್ಲಿ ತುಂಬಾ ಜನ 5 ಸೆಕೆಂಡಿಗೊಮ್ಮೆ 'ಐಪಿ' ಕಮಾಂಡ್ ಓಡಿಸಿ, ಬಂದ ಅಕ್ಷರಗಳನ್ನು ಕತ್ತರಿಸಿ ನೋಡುತ್ತಾರೆ. ದಯವಿಟ್ಟು ಬೇಡ. ಆ ನಡುವೆ ಲಿಂಕ್ ಹೋಗಿ ಬಂದರೆ ತಿಳಿಯುವುದೇ ಇಲ್ಲ, ಬ್ಯಾಟರಿಯೂ ಸುಮ್ನೆ ಖರ್ಚು. ಕರ್ನಲ್ (ಲಿನಕ್ಸಿನ ಒಳತಿರುಳು) ತನ್ನ ಮಾಹಿತಿ ತೋರಿಸುವ 'ಸಿಸ್' ಫೋಲ್ಡರ್ ಮೇಲೆ ಐನೋಟಿಫೈ (ಫೈಲ್ ಬದಲಾದರೆ ತಿಳಿಸುವ ಸೌಲಭ್ಯ) ಇಡುವ ಅಡ್ಡದಾರಿಯನ್ನೂ ನಂಬಬೇಡಿ. ಕರ್ನಲ್ ಅಲ್ಲಿ ಮಾಡುವ ಬದಲಾವಣೆಯನ್ನು ಅದು ಹೇಳುವುದಿಲ್ಲ.

ಸರಿಯಾದ ದಾರಿ ಇದು: ಮೊದಲು ನೆಟ್‌ಲಿಂಕ್ ಸಾಕೆಟ್ (ಕರ್ನಲ್ ಜೊತೆ ಪ್ರೋಗ್ರಾಮ್ ಮಾತಾಡುವ ಕೊಂಡಿ) ತೆರೆಯಿರಿ. ಪ್ರೋಟೋಕಾಲ್ ನೆಟ್‌ಲಿಂಕ್_ರೂಟ್. ಬೈಂಡ್ ಮಾಡುವಾಗ ಲಿಂಕ್, ಐಪಿವಿ4 ವಿಳಾಸ, ಐಪಿವಿ6 ವಿಳಾಸ, ಈ ಮೂರು ಗುಂಪಿಗೆ ಸೇರಿಕೊಳ್ಳಿ. ಬರೀ ಕೇಳಲು ರೂಟ್ (ಅಡ್ಮಿನ್) ಅನುಮತಿ ಬೇಡ.

ಈಗಿರುವ ಇಂಟರ್‌ಫೇಸ್‌ಗಳ (ನೆಟ್‌ವರ್ಕ್ ಕಾರ್ಡ್‌ನಂಥವುಗಳ) ಪಟ್ಟಿ ತರಿಸಿಕೊಳ್ಳುವುದು ಇದಾದ ಮೇಲೆ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಪಟ್ಟಿ ತರುತ್ತಾರೆ, ಆಮೇಲೆ ಸಾಕೆಟ್ ತೆರೆಯುತ್ತಾರೆ. ಆ ನಡುವೆ ಯಾರಾದರೂ ಯುಎಸ್‌ಬಿ ಮೋಡೆಮ್ ಚುಚ್ಚಿದರೆ? ಅದು ಪಟ್ಟಿಯಲ್ಲೂ ಇಲ್ಲ, ಸುದ್ದಿಯಲ್ಲೂ ಇಲ್ಲ. ಸಾಕೆಟ್ ಮೊದಲಿದ್ದರೆ ಒಂದೇ ಸುದ್ದಿ ಎರಡು ಸಲ ಬರಬಹುದು, ಅಷ್ಟೇ ಅಲ್ವಾ? ಪ್ರತಿ ಇಂಟರ್‌ಫೇಸಿಗೂ ಕರ್ನಲ್ ಕೊಡುವ ಇಂಡೆಕ್ಸ್ ನಂಬರಿನ ಮೇಲೆ ಟೇಬಲ್ ಇಟ್ಟು, ಹೊಸದು ಬಂದಂತೆ ಹಳೆಯದರ ಮೇಲೆ ಬರೆಯಿರಿ. ಹೆಸರಿನ ಮೇಲೆ ಇಡಲೇಬೇಡಿ. ಬೂಟ್ ಆಗುವಾಗ 'ಇಟಿಎಚ್0' ಅನ್ನುವುದನ್ನು ಯುಡೆವ್ (ಸಾಧನಗಳಿಗೆ ಹೆಸರಿಡುವ ಪ್ರೋಗ್ರಾಮ್) 'ಇಎನ್‌ಪಿ3ಎಸ್0' ಅಂತ ಬದಲಿಸಿಬಿಡುತ್ತದೆ.

ಆಮೇಲೆ ಲೂಪಿನಲ್ಲಿ ಓದುತ್ತಿರಿ. ಒಂದು ಸಲ ಓದಿದಾಗ ಹಲವು ಮೆಸೇಜ್ ಒಟ್ಟಿಗೇ ಬರಬಹುದು, ಮೊದಲನೆಯದಕ್ಕೇ ನಿಲ್ಲಿಸಬೇಡಿ. ಆರ್‌ಟಿಎಂ_ನ್ಯೂಲಿಂಕ್ ಅನ್ನುವ ಮೆಸೇಜ್ ಬರುವುದು ಹೊಸ ಕಾರ್ಡ್ ಹಾಕಿದಾಗ ಮಾತ್ರ ಅಲ್ಲ, ಕೇಬಲ್ ಕಿತ್ತಾಗಲೂ ಬರುತ್ತದೆ. ಆಗ ಫ್ಲ್ಯಾಗ್‌ಗಳನ್ನು ನೋಡಿ: ಐಎಫ್‌ಎಫ್_ಅಪ್ (ಇಂಟರ್‌ಫೇಸ್ ಆನ್ ಆಗಿದೆ) ಹಾಗೇ ಇರುತ್ತದೆ, ಐಎಫ್‌ಎಫ್_ರನ್ನಿಂಗ್ (ಲಿಂಕ್ ನಿಜಕ್ಕೂ ಇದೆ) ಹೋಗಿರುತ್ತದೆ. ಬರೀ 'ಅಪ್' ನೋಡುವ ಪ್ರೋಗ್ರಾಮ್, ಕೇಬಲ್ ಇಲ್ಲದಿದ್ದರೂ ಎಲ್ಲ ಸರಿಯಿದೆ ಅನ್ನುತ್ತದೆ.

ಎಡವುವ ಇನ್ನೊಂದು ಜಾಗ ಇನೋಬಫ್ಸ್ (ಬಫರಿನಲ್ಲಿ ಜಾಗವಿಲ್ಲ) ಎರರ್. ಒಂದೇ ಸಮನೆ ಹತ್ತಾರು ಕಂಟೇನರ್ ಶುರುವಾದರೆ ಬಫರ್ ತುಂಬಿ, ಕೆಲವು ಮೆಸೇಜ್ ಬಿದ್ದುಹೋಗುತ್ತವೆ. ಎರರ್ ಬಂತೆಂದು ಪ್ರೋಗ್ರಾಮ್ ಮುಚ್ಚಬೇಡಿ, ಕಡೆಗಣಿಸಲೂಬೇಡಿ. ಇಡೀ ಪಟ್ಟಿಯನ್ನು ಮತ್ತೆ ತರಿಸಿಕೊಂಡು, ಅದರಲ್ಲಿ ಇಲ್ಲದ್ದನ್ನು ಟೇಬಲಿನಿಂದ ತೆಗೆಯಿರಿ. ಬಫರ್ ದೊಡ್ಡದು ಮಾಡಿದರೆ ಇದು ಅಪರೂಪವಾಗುತ್ತದೆ, ಆದರೆ ತಪ್ಪುವುದಿಲ್ಲ.

ಇದಕ್ಕೆಲ್ಲ ರೆಡಿ ಲೈಬ್ರರಿಗಳಿವೆ: ಸಿ ಭಾಷೆಯಲ್ಲಿ ಬರೆಯುವವರು ಲಿಬ್‌ಎಂಎನ್‌ಎಲ್ ತಗೊಳ್ಳಿ, ಪೈಥಾನಿನವರು ಪೈರೂಟ್2.

ಪರೀಕ್ಷೆಗೆ ವೈ-ಫೈ ಆಫ್ ಮಾಡಿ ನೋಡಿದರೆ ಸಾಲದು. ವೆತ್ ಜೋಡಿಯೊಂದನ್ನು (ಒಂದಕ್ಕೊಂದು ಜೋಡಿಸಿದ ಎರಡು ವರ್ಚುವಲ್ ಇಂಟರ್‌ಫೇಸ್) ಮಾಡಿ, ಎರಡೂ ತುದಿ ಎಬ್ಬಿಸಿ, ಆಮೇಲೆ ಒಂದನ್ನು 'ಡೌನ್' ಮಾಡಿ. ಇದಕ್ಕೆ ಮಾತ್ರ ರೂಟ್ ಬೇಕು. ಇನ್ನೊಂದು ತುದಿಯ 'ರನ್ನಿಂಗ್' ಹೋಗಬೇಕು, ಅದು ನಿಮ್ಮ ಲಾಗಿನಲ್ಲೂ ಕಾಣಬೇಕು. ಪಕ್ಕದ ಟರ್ಮಿನಲ್‌ನಲ್ಲಿ 'ಐಪಿ ಮಾನಿಟರ್ ಲಿಂಕ್' ಓಡಿಸಿಟ್ಟು ಎರಡನ್ನೂ ಹೋಲಿಸಿ.